ಜವೆಗೋಧಿಯ ಹೆಸರೂ ಅದರ ತಳಿಪರೀಕ್ಷೆಯೂ

ಧಾರವಾಡ ಹುಬ್ಬಳ್ಳಿಗಳ ಪೇಟೆಯಲ್ಲಿ ಜವೆಗೋಧಿ ಬೇಕೆಂದು ಕೇಳಿದವನಿಗೆ ದೊರೆಯುವ ಕಾಳು ಒಂದು. ಅದೇ ಶಬ್ದಕ್ಕೆ ಅರ್ಥವನ್ನು ಪುಸ್ತಕದಲ್ಲಿ ಹುಡುಕಿದವನಿಗೆ ದೊರೆಯುವ ಕಾಳು ಇನ್ನೊಂದು. ಪೇಟೆಯ ಜವೆಗೋಧಿಯು ಉದ್ದವಾದ, ಕೆಂಪುಛಾಯೆಯ, ಸಿಪ್ಪೆ ಬಿಡದ ಒಂದು ಗೋಧಿ. ಮಹಾರಾಷ್ಟ್ರದವರು ಅದನ್ನು ಖಪಲಿಯೆನ್ನುವರು. ಬೆಳಗಾವಿ ಬಾಗಲಕೋಟೆಗಳ ಕಡೆ ಸದಕವೆಂಬ ಹೆಸರೂ ಉಂಟು. ಸಸ್ಯಶಾಸ್ತ್ರಜ್ಞರು ಟ್ರಿಟಿಕಮ್ ಡೈಕೊಕ್ಕಮ್ ಎಂದು ಕರೆಯುತ್ತಾರೆ. ಪುಸ್ತಕದ ಜವೆಗೋಧಿಯಾದರೋ ಗೋಧಿಯೇ ಅಲ್ಲ, ಅದು ಬಾರ್ಲಿ. ಹೀಗೆ ಒಂದೇ ಹೆಸರು ಎರಡು ಧಾನ್ಯಗಳ ಮೇಲೆ ಕುಳಿತಿರುವಾಗ, ಯಾವ ಕಾಳು ಯಾವುದೆಂಬುದನ್ನು ಗೊತ್ತುಮಾಡುವ ಅಧಿಕಾರ ಯಾರದು? ಶಬ್ದಶಾಸ್ತ್ರದ್ದೇ, ಒಕ್ಕಲಿಗನ ಕಣ್ಣಿನದೇ, ಅಥವಾ ಕಾಳನ್ನು ಅರೆದು ಅದರೊಳಗಿನ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪ್ರಯೋಗಶಾಲೆಯದೇ? ಈ ಮೂರನೆಯದರ ಮೇಲೆ ಈಚೆಗೆ ವಿಶ್ವಾಸವು ಬಹಳವಾಗಿ ಬೆಳೆದಿದೆ. ಆ ವಿಶ್ವಾಸವು ಎಷ್ಟರಮಟ್ಟಿಗೆ ಯುಕ್ತ, ಅದನ್ನು ಕನ್ನಡದಲ್ಲಿ ಹೇಳುವಾಗ ಬಳಸುವ ಮಾತುಗಳು ಎಷ್ಟರಮಟ್ಟಿಗೆ ಯುಕ್ತ ಎಂಬುದೇ ಇಲ್ಲಿಯ ವಿಚಾರ.

ಮೊದಲು ಶಬ್ದದ ಮಾತು. 'ಜವೆ'ಯು ಸಂಸ್ಕೃತದ 'ಯವ' ಶಬ್ದದ ತದ್ಭವವೆಂಬುದರಲ್ಲಿ ಸಂಶಯವಿಲ್ಲ. ಯಾತ್ರೆಯು ಜಾತ್ರೆಯಾದಂತೆ, ಯೋಗಿಯು ಜೋಗಿಯಾದಂತೆ, ಯಮನು ಹಳಗನ್ನಡದಲ್ಲಿ ಜವನಾದಂತೆ, ಯವವು ಜವೆಯಾಯಿತು. ಸಂಸ್ಕೃತದಲ್ಲಿ ಯವವು ಬಾರ್ಲಿಯೇ ಹೊರತು ಗೋಧಿಯಲ್ಲ. ಗೋಧಿಗೆ 'ಗೋಧೂಮ'ವೆಂಬ ಬೇರೆ ಶಬ್ದವೇ ಇದೆ. ಆದುದರಿಂದ 'ಜವೆಗೋಧಿ' ಎಂಬ ಸಮಾಸವನ್ನು ಬಾರ್ಲಿಗೆ ಹಚ್ಚಿದ ಪಂಡಿತರು ತಪ್ಪಿದರೆಂದು ಹೇಳುವಂತಿಲ್ಲ. ಆದರೆ ಉತ್ತರ ಕರ್ನಾಟಕದ ಒಕ್ಕಲಿಗನೂ ತಪ್ಪಿದನೆಂದು ಹೇಳುವಂತಿಲ್ಲ. ಬಾರ್ಲಿಯ ಕಾಳಿಗೆ ಹೊಟ್ಟು ಹೇಗೆ ಬಿಗಿಯಾಗಿ ಹಿಡಿದುಕೊಂಡಿರುವುದೋ ಹಾಗೆಯೇ ಈ ಗೋಧಿಗೂ ಹಿಡಿದುಕೊಂಡಿರುತ್ತದೆ. ಕಣದಲ್ಲಿ ತುಳಿಸಿದರೆ ಸಾದಾ ಗೋಧಿಯ ತೆನೆಯಿಂದ ಕಾಳು ಬಿಡಿಬಿಡಿಯಾಗಿ ಉದುರಿ ಬೀಳುವುದು. ಇದರ ತೆನೆಯಾದರೋ ತುಂಡುತುಂಡಾಗಿ ಮುರಿದು, ಒಂದೊಂದು ತುಂಡಿನಲ್ಲಿ ಸಾಮಾನ್ಯವಾಗಿ ಎರಡೆರಡು ಕಾಳುಗಳು ಹೊಟ್ಟಿನೊಳಗೇ ಉಳಿಯುವುವು. ಡೈಕೊಕ್ಕಮ್ ಎಂಬ ಶಾಸ್ತ್ರೀಯ ನಾಮಕ್ಕೂ 'ಎರಡು ಕಾಳಿನದು' ಎಂಬುದೇ ಅರ್ಥ. ಒರಳಿನಲ್ಲಿ ಕುಟ್ಟಿ, ಈಗೀಗ ಗಿರಣಿಯಲ್ಲಿ ಹಾಕಿಸಿ, ಹೊಟ್ಟು ಬಿಡಿಸಿದ ಮೇಲೆಯೇ ಅದು ಹುಗ್ಗಿಗೆ, ಮಾದಲಿಗೆ, ರವೆಗೆ ಬರುವುದು. ಯವದ ಗುಣವುಳ್ಳ ಗೋಧಿ ಎಂಬ ಅರ್ಥದಲ್ಲಿ ಆ ಸಮಾಸವು ಹುಟ್ಟಿರಬೇಕು. ಹಾಗಿದ್ದಲ್ಲಿ ಅದು ಬಹು ಸೂಕ್ಷ್ಮವಾದ ಅವಲೋಕನದ ಫಲವೆಂದು ಒಪ್ಪಬೇಕಾಗುತ್ತದೆ. ಹೆಸರಿಟ್ಟವನು ಕಾಳಿನ ಬಣ್ಣವನ್ನಲ್ಲ, ಬೆಲೆಯನ್ನಲ್ಲ, ಅದರ ಹೊಟ್ಟನ್ನು ನೋಡಿದನು. ಈ ಸಂಗತಿಯು ಮುಂದಿನ ವಿಚಾರಕ್ಕೆ ಅವಶ್ಯವಾದುದು.

ಕಾಳು ಹೊಟ್ಟಿನಲ್ಲಿರುವವರೆಗೆ ಯಾರಿಗೂ ಮೋಸವಾಗುವ ಸಂಭವವಿಲ್ಲ. ಹೊಟ್ಟು ಬಿಟ್ಟು, ಮುರಿದು, ರವೆಯಾಗಿ ಚೀಲದಲ್ಲಿ ಬಂದ ಮೇಲೆ ಕಣ್ಣು ಸೋಲುತ್ತದೆ. ಮಧುಮೇಹಿಗಳಿಗೆ ಹಿತವೆಂಬ ಪ್ರಚಾರದಿಂದ ಈ ಗೋಧಿಗೆ ಬೆಲೆ ಏರಿರುವುದರಿಂದ, ಅಗ್ಗದ ಗೋಧಿಯನ್ನು ಅದರಲ್ಲಿ ಬೆರಸುವ ಆಸೆಯೂ ಏರಿರುವುದು ಸ್ವಾಭಾವಿಕ. ಇಲ್ಲಿಯೇ ಪ್ರಯೋಗಶಾಲೆಯ ಪ್ರವೇಶ.

ಗೋಧಿಯ ಪ್ರೋಟೀನನ್ನು ಬೇರ್ಪಡಿಸುವ ಕಾರ್ಯವು ಹೊಸದಲ್ಲ. ಬೊಲೊನ್ಯದ ಬೆಕ್ಕಾರಿ ಎಂಬ ವಿದ್ವಾಂಸನು ಗೋಧಿಹಿಟ್ಟನ್ನು ನೀರಿನಲ್ಲಿ ನಾದಿ ತೊಳೆದು, ಪಿಷ್ಟವು ನೀರಿನೊಡನೆ ಹೋದ ಮೇಲೆ ಉಳಿದ ಅಂಟುಮುದ್ದೆಯ ವರ್ಣನೆಯನ್ನು 1745ರಲ್ಲಿ ಪ್ರಕಟಿಸಿದನು. ಹಲ್ವಕ್ಕಾಗಿ ಗೋಧಿಯನ್ನು ನೆನೆಯಿಟ್ಟು, ರುಬ್ಬಿ, ಹಾಲು ಹಿಂಡಿ, ಜಿಗುಟಾದ ಚರಟವನ್ನು ಆಚೆಗೆ ಹಾಕುವ ಗೃಹಿಣಿಯು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಅವಳಿಗೆ ಬೇಕಾದುದು ಹಾಲು, ಬೆಕ್ಕಾರಿಗೆ ಬೇಕಾದುದು ಚರಟ, ಇಷ್ಟೇ ಭೇದ. ಈ ಅಂಟನ್ನೇ ಗ್ಲುಟೆನ್ ಎನ್ನುವುದು. ಅಮೆರಿಕದ ಕನೆಕ್ಟಿಕಟ್ಟಿನ ಕೃಷಿಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಬರ್ ಆಸ್ಬರ್ನನು 1907ರಲ್ಲಿ ಗೋಧಿಯ ಪ್ರೋಟೀನುಗಳನ್ನು ಕುರಿತು ಹೊರತಂದ ಗ್ರಂಥವು ಈ ಶಾಸ್ತ್ರಕ್ಕೆ ಅಸ್ತಿಭಾರವಾಯಿತು. ನೀರಿನಲ್ಲಿ ಕರಗುವುದು ಆಲ್ಬುಮಿನ್, ಉಪ್ಪುನೀರಿನಲ್ಲಿ ಕರಗುವುದು ಗ್ಲಾಬ್ಯುಲಿನ್, ಸುಮಾರು ನೂರಕ್ಕೆ 70 ಪಾಲು ಮದ್ಯಸಾರವಿರುವ ನೀರಿನಲ್ಲಿ ಕರಗುವುದು ಗ್ಲಯಾಡಿನ್, ಇವುಗಳಿಗೂ ಬಗ್ಗದೆ ತೆಳುವಾದ ಆಮ್ಲ ಅಥವಾ ಕ್ಷಾರಕ್ಕೆ ಮಾತ್ರ ಬಗ್ಗುವುದು ಗ್ಲುಟೆನಿನ್ ಎಂದು ಅವನು ವಿಭಾಗಿಸಿದನು. ಒಂದು ಶತಮಾನ ಕಳೆದ ಮೇಲೂ ಈ ವಿಭಾಗವು ಪಾಠಪುಸ್ತಕಗಳಿಂದ ಹೋಗಿಲ್ಲ. ಅದರ ದೋಷವನ್ನು ಅರಿತವರೂ ಅದನ್ನು ಬಿಟ್ಟಿಲ್ಲ. ವಸ್ತುವಿನ ಸ್ವರೂಪವನ್ನು ಬಿಟ್ಟು ಅದು ಯಾವುದರಲ್ಲಿ ಕರಗುವುದೆಂಬುದರ ಮೇಲೆ ವರ್ಗವನ್ನು ಕಟ್ಟಿದುದು ಆ ದೋಷ. ಆದರೂ ವ್ಯವಹಾರಕ್ಕೆ ಅದರಷ್ಟು ಸುಲಭವಾದುದು ಮತ್ತೊಂದು ದೊರೆತಿಲ್ಲ.

ಕನ್ನಡದಲ್ಲಿ ಈ ಪದಾರ್ಥಕ್ಕೆ ಬಹುಕಾಲ ಬಳಕೆಯಲ್ಲಿದ್ದ ಮಾತು 'ಸಸಾರಜನಕ'. ಸಾರಜನಕವೆಂದರೆ ನೈಟ್ರೋಜನ್, ಅದನ್ನು ಒಳಗೊಂಡದ್ದು ಸಸಾರಜನಕ. ಶಬ್ದವು ಸುಘಟಿತವಾಗಿದೆ, ಕೇಳಲೂ ಗಂಭೀರವಾಗಿದೆ. ಆದರೆ ಅದರ ಹಿಂದೆ ಅಡಗಿರುವ ಪರೀಕ್ಷಾವಿಧಾನವನ್ನು ಗಮನಿಸಿದರೆ ಅದರ ಮಿತಿಯು ಗೊತ್ತಾಗುವುದು. ಕೋಪನ್‌ಹೇಗನ್ನಿನ ಕೆಲ್‌ಡಾಲ್ ಎಂಬವನು 1883ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಧಾನ್ಯವನ್ನು ಗಂಧಕಾಮ್ಲದಲ್ಲಿ ಕುದಿಸಿ ಅದರಲ್ಲಿರುವ ನೈಟ್ರೋಜನ್ನನ್ನು ಅಳೆದು, ಗೋಧಿಯಾದರೆ ಆ ಸಂಖ್ಯೆಯನ್ನು 5.7ರಿಂದ ಗುಣಿಸಿ, ಬಂದುದನ್ನು ಪ್ರೋಟೀನೆಂದು ಬರೆಯುವರು. ಹಾಗೆ ಬರೆದುದು ಪ್ರೋಟೀನಿನ ಮೊತ್ತ ಮಾತ್ರ. ಯಾವ ಪ್ರೋಟೀನು, ಯಾವ ಗೋಧಿಯದು ಎಂಬುದನ್ನು ಅದು ಹೇಳಲಾರದು. ಹೇಳಬಲ್ಲುದೆಂದು ನಂಬಿದರೆ ಅಪಾಯವೂ ಉಂಟು. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಬಂದ ಗೋಧಿಯ ಗ್ಲುಟೆನ್ನಿನಲ್ಲಿ ಮೆಲಮಿನ್ ಎಂಬ ನೈಟ್ರೋಜನ್‌ಭರಿತ ರಾಸಾಯನಿಕವು ಸೇರಿದ್ದು, ಅದರಿಂದ ಮಾಡಿದ ಆಹಾರವನ್ನು ತಿಂದ ಸಾಕುನಾಯಿ ಬೆಕ್ಕುಗಳು ಸತ್ತುವು. ಮರುವರ್ಷ ಅದೇ ಮೆಲಮಿನ್ ಚೀನಾದ ಹಾಲಿನಲ್ಲಿ ಕಾಣಿಸಿಕೊಂಡು ಹಸುಗೂಸುಗಳಿಗೆ ಮಾರಕವಾಯಿತು. ನೈಟ್ರೋಜನ್ನನ್ನು ಅಳೆಯುವ ಪರೀಕ್ಷೆಗೆ ಮೆಲಮಿನ್ನೂ ಪ್ರೋಟೀನೇ. 'ಸಸಾರಜನಕ'ವೆಂಬ ಶಬ್ದವೂ, ಶಬ್ದಾರ್ಥವನ್ನೇ ಹಿಡಿದರೆ, ಮೆಲಮಿನ್ನನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಪಾಠಪುಸ್ತಕಗಳು ಈ ಶಬ್ದವನ್ನು ಕ್ರಮೇಣ ಬಿಟ್ಟು 'ಪ್ರೋಟೀನು' ಎಂಬ ಎರವಲನ್ನೇ ಹಿಡಿದುದನ್ನು ಕೆಲವರು ಭಾಷೆಯ ಸೋಲೆಂದು ಭಾವಿಸುವುದುಂಟು. ಆ ಶೋಕಕ್ಕೆ ಕಾರಣವಿಲ್ಲ. ಮೊತ್ತವನ್ನು ಅಳೆಯುವ ಕಾಲದ ಶಬ್ದವು, ಬಗೆಯನ್ನು ಬೇರ್ಪಡಿಸುವ ಕಾಲಕ್ಕೆ ಸಾಲದೆ ಹೋಯಿತು, ಅಷ್ಟೆ. ಎರವಲಿಗೆ ಕನ್ನಡದಲ್ಲಿ ಅರ್ಥವಿಲ್ಲವೆಂಬುದು ನಿಜವಾದರೂ ಸುಳ್ಳು ಅರ್ಥವೂ ಇಲ್ಲ.

ಬಗೆಯನ್ನು ಬೇರ್ಪಡಿಸುವ ವಿಧಾನಕ್ಕೆ ಎಲೆಕ್ಟ್ರೊಫೊರಿಸಿಸ್ ಎಂದು ಹೆಸರು. ವಿದ್ಯುತ್ತಿನಿಂದ ಹೊತ್ತು ಸಾಗಿಸುವುದು ಎಂಬುದೇ ಅದರ ಯೌಗಿಕಾರ್ಥ. ಸ್ವೀಡನ್ನಿನ ಟಿಸೇಲಿಯಸನು 1937ರಲ್ಲಿ ಅದನ್ನು ಪ್ರೋಟೀನುಗಳಿಗೆ ಸಮರ್ಥವಾಗಿ ಅನ್ವಯಿಸಿ 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. 1955ರಲ್ಲಿ ಸ್ಮಿದೀಸನು ಪಿಷ್ಟದ ಗಂಜಿಯನ್ನೇ ಹೆಪ್ಪುಗಟ್ಟಿಸಿ ಅದರೊಳಗೆ ಪ್ರೋಟೀನುಗಳನ್ನು ಹರಿಯಬಿಟ್ಟನು. 1961ರಲ್ಲಿ ಅದೇ ಉಪಾಯದಿಂದ ಗ್ಲಯಾಡಿನ್ನುಗಳನ್ನು ಬೇರ್ಪಡಿಸಿ, ಮುಂದೆ ಓಡುವವುಗಳಿಂದ ಹಿಂದೆ ಉಳಿಯುವವುಗಳವರೆಗೆ ಆಲ್ಫಾ, ಬೀಟಾ, ಗಾಮಾ, ಒಮೇಗಾ ಎಂದು ಕರೆದರು. ಬಳಿಕ ಪಿಷ್ಟದ ಸ್ಥಾನಕ್ಕೆ ಪಾಲಿಆಕ್ರಿಲಮೈಡ್ ಎಂಬ ಕೃತಕವಾದ ಲೋಳೆಪದರವು ಬಂದಿತು. ಕೆನಡಾದ ಬುಶುಕ್ ಮತ್ತು ಜಿಲ್ಮನ್ ಎಂಬವರು 1978ರಲ್ಲಿ ಪ್ರಕಟಿಸಿದ ಕ್ರಮವು ತಳಿನಿರ್ಣಯಕ್ಕೆ ಮಾದರಿಯಾಗಿ ನಿಂತಿತು.

ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಒಂದೇ ಒಂದು ಕಾಳನ್ನು ಜಜ್ಜಿ ಮದ್ಯಸಾರದಲ್ಲಿ ನೆನೆಯಿಟ್ಟರೆ ಗ್ಲಯಾಡಿನ್ನು ಕರಗಿ ಬರುವುದು. ಅದರ ಕೆಲವು ತೊಟ್ಟುಗಳನ್ನು ಆಮ್ಲಯುಕ್ತವಾದ ಲೋಳೆಪದರದ ಒಂದು ಅಂಚಿನಲ್ಲಿ ಕೊರೆದ ಗುಳಿಗಳಿಗೆ ಬಿಡುವರು. ಅಂಥ ಆಮ್ಲದಲ್ಲಿ ಈ ಪ್ರೋಟೀನುಗಳೆಲ್ಲ ಧನವಿದ್ಯುತ್ತನ್ನು ತಳೆದಿರುವುದರಿಂದ, ಪ್ರವಾಹವನ್ನು ಹಾಯಿಸಿದಾಗ ಋಣಧ್ರುವದ ಕಡೆಗೆ ಹೊರಡುವುವು. ಸಣ್ಣವೂ ಹೆಚ್ಚು ವಿದ್ಯುತ್ತುಳ್ಳವೂ ಮುಂದಾಗುವುವು, ಉಳಿದವು ಹಿಂದಾಗುವುವು. ಹೊತ್ತು ಕಳೆದ ಮೇಲೆ ನೀಲಿಬಣ್ಣದಲ್ಲಿ ಅದ್ದಿ ತೆಗೆದರೆ, ಒಂದು ಕಾಳಿನ ದಾರಿಯಲ್ಲಿ 20ಕ್ಕೂ ಮೇಲ್ಪಟ್ಟು ಗೆರೆಗಳು, ಕೆಲವು ದಟ್ಟವಾಗಿ, ಕೆಲವು ಮಸಕಾಗಿ, ಅಡ್ಡಡ್ಡಲಾಗಿ ಕಾಣಿಸಿಕೊಳ್ಳುವುವು. ಗೆರೆಗಳ ಸ್ಥಾನವನ್ನು ಓದುವುದಕ್ಕೆ ಒಂದು ಅಳತೆಗೋಲು ಬೇಕಷ್ಟೆ. ಕೆನಡಾದವರು ತಮ್ಮ ಮಾರ್ಕಿಸ್ ಎಂಬ ಹಳೆಯ ತಳಿಯ ಒಂದು ಗೆರೆಯನ್ನು 50 ಎಂದು ಎಣಿಸಿ, ಉಳಿದವನ್ನು ಅದಕ್ಕೆ ಹೋಲಿಸಿ ಅಳೆದರು. ಆ ಮಾರ್ಕಿಸಿನ ಜನಕಗಳಲ್ಲಿ ಒಂದು 'ಹಾರ್ಡ್ ರೆಡ್ ಕಲ್ಕತ್ತಾ' ಎಂಬ ಭಾರತದ ಗೋಧಿಯೆಂಬುದನ್ನು ಪ್ರಸಂಗವಶಾತ್ ಇಲ್ಲಿ ನೆನೆಯಬಹುದು. ಯಾವ ಹೊಲದಿಂದ ಹೋಯಿತೆಂಬುದನ್ನು ಹೇಳದೆ, ಹಡಗು ಹತ್ತಿದ ಬಂದರಿನ ಹೆಸರನ್ನು ಮಾತ್ರ ಅದು ಹೊತ್ತಿದೆ.

ಈ ವಿಧಾನದಲ್ಲಿ ಮೆಚ್ಚತಕ್ಕ ಅಂಶಗಳು ಎರಡು. ಮಳೆ ಹೆಚ್ಚು ಬಿದ್ದರೂ ಕಡಮೆ ಬಿದ್ದರೂ, ಎರೆಯ ಹೊಲದಲ್ಲಿ ಬೆಳೆದರೂ ನೀರಾವರಿಯಲ್ಲಿ ಬೆಳೆದರೂ, ಗೆರೆಗಳ ಸ್ಥಾನವು ಬದಲಾಗುವುದಿಲ್ಲ. ಬದಲಾಗುವುದು ದಟ್ಟಣೆ ಮಾತ್ರ. ಭೂಮಿಯಲ್ಲಿ ಗಂಧಕವು ಕಡಮೆಯಾದರೆ ಒಮೇಗಾ ಗೆರೆಗಳು ದಪ್ಪವಾಗುವುವು. ತೆನೆಯ ಎತ್ತರವನ್ನೂ ಎಲೆಯ ಬಣ್ಣವನ್ನೂ ನೋಡಿ ತಳಿಯನ್ನು ಗುರುತಿಸುವವನಿಗೆ ಈ ನೆಮ್ಮದಿಯಿಲ್ಲ. ಅವನು ಬೀಜವನ್ನು ಬಿತ್ತಿ ಒಂದು ಹಂಗಾಮು ಕಾಯಬೇಕು. ಎರಡನೆಯದು, ಕಾಳನ್ನು ಅಡ್ಡಲಾಗಿ ಕತ್ತರಿಸಿ, ಮೊಳಕೆಯಿಲ್ಲದ ಅರ್ಧವನ್ನು ಪರೀಕ್ಷೆಗೆ ಕೊಟ್ಟು, ಮೊಳಕೆಯಿರುವ ಅರ್ಧವನ್ನು ಬಿತ್ತಬಹುದು. ಸಾಕ್ಷಿಯನ್ನು ಕೊಲ್ಲದೆ ಸಾಕ್ಷ್ಯವನ್ನು ಪಡೆಯುವ ಇಂಥ ಅನುಕೂಲವು ಶಾಸ್ತ್ರಗಳಲ್ಲಿ ವಿರಳ. ಅಂತರರಾಷ್ಟ್ರೀಯ ಬೀಜಪರೀಕ್ಷಾಸಂಘವು ಗೋಧಿ ಮತ್ತು ಬಾರ್ಲಿಗಳ ತಳಿಯನ್ನು ತಾಳೆನೋಡಲು ಈ ಕ್ರಮವನ್ನು ಅಂಗೀಕರಿಸಿದುದು ಆಶ್ಚರ್ಯವಲ್ಲ. ಬಾರ್ಲಿಯ ಪ್ರೋಟೀನು ಹೋರ್ಡೀನ್; ಅದರ ಗೆರೆಗಳ ವಿನ್ಯಾಸವೇ ಬೇರೆ. ನಿಘಂಟು ಒಂದೇ ಶಬ್ದದೊಳಗೆ ಸೇರಿಸಿದ ಎರಡು ಜವೆಗೋಧಿಗಳನ್ನು ಈ ಲೋಳೆಪದರವು ಒಂದು ಹಗಲಿನೊಳಗೆ ಬೇರ್ಪಡಿಸಿ ತೋರಿಸಬಲ್ಲುದು.

ಆದರೆ ಈ ಗೆರೆಗಳ ಸಾಲನ್ನು ತಳಿಯ 'ಬೆರಳಚ್ಚು' ಎಂದು ಕರೆಯುವ ರೂಢಿಯೊಂದು ಬಿದ್ದಿದೆ. ಹೊರದೇಶದ ಬರಹಗಳಲ್ಲಿ ಹುಟ್ಟಿದ ಈ ರೂಪಕವನ್ನು ಕನ್ನಡದ ವಿಜ್ಞಾನಲೇಖಕರೂ ವಿಚಾರಿಸದೆ ಎತ್ತಿಕೊಂಡಿದ್ದಾರೆ. ರೂಪಕವು ಅಂದವಾಗಿದೆ, ಸತ್ಯವಾಗಿಲ್ಲ. ಬೆರಳಚ್ಚು ಒಬ್ಬ ಮನುಷ್ಯನದು. ಇನ್ನೊಬ್ಬನಲ್ಲಿ ಅದು ಇರಲಾರದೆಂಬ ನಂಬಿಕೆಯ ಮೇಲೆಯೇ ಅದರ ಬೆಲೆ ನಿಂತಿದೆ. ಗೆರೆಗಳ ಸಾಲು ಹಾಗಲ್ಲ. ಒಂದೇ ಸಂಕರದಿಂದ ಹುಟ್ಟಿದ ಸೋದರ ತಳಿಗಳಲ್ಲಿ ಅದು ಒಂದೇ ಆಗಿರಬಹುದು. ಒಂದೇ ತಳಿಯೆಂದು ಅಂಗೀಕೃತವಾದುದರಲ್ಲಿ ಎರಡು ಮೂರು ಬೇರೆ ಬೇರೆ ಸಾಲುಗಳು ಕಂಡುಬರುವುದೂ ಉಂಟು. ಏಕೆಂದರೆ ಗ್ಲಯಾಡಿನ್ನುಗಳನ್ನು ನಿರ್ಧರಿಸುವ ಜೀನುಗಳು ಗೋಧಿಯ ಒಂದನೆಯ ಮತ್ತು ಆರನೆಯ ಗುಂಪಿನ ವರ್ಣತಂತುಗಳ ಗಿಡ್ಡಭುಜಗಳಲ್ಲಿ ಮಾತ್ರ ಗುಂಪುಗೂಡಿ ಕುಳಿತಿವೆ. ಉಳಿದ ವರ್ಣತಂತುಗಳಲ್ಲಿ ಏನಿದೆಯೆಂಬುದಕ್ಕೆ ಈ ಗೆರೆಗಳು ಸಾಕ್ಷಿ ನುಡಿಯಲಾರವು. ಕಾವ್ಯದ ಒಂದನೆಯ ಮತ್ತು ಆರನೆಯ ಆಶ್ವಾಸಗಳ ಓಲೆಗಳು ಮಾತ್ರ ದೊರೆತಾಗ, ಅವುಗಳಿಂದ ಪ್ರತಿಯು ಯಾವ ಶಾಖೆಗೆ ಸೇರಿದುದೆಂದು ಊಹಿಸಬಹುದೇ ಹೊರತು, ಇಡೀ ಕಾವ್ಯದ ಪಾಠವು ಇದೇ ಎಂದು ಸಂಪಾದಕನು ಬರೆಯಲಾರನು.

ಗ್ರಂಥಸಂಪಾದನೆಯ ಹೋಲಿಕೆಯು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯು 1964ರಲ್ಲಿ ಪ್ರಕಟವಾದಂದಿನಿಂದ ಕನ್ನಡದ ವಿದ್ಯಾರ್ಥಿಗಳಿಗೆ ಪಾಠಾಂತರ, ಸಮಾನಸ್ಖಾಲಿತ್ಯ, ಪ್ರಕ್ಷೇಪಗಳ ವಿಚಾರವು ಪರಿಚಿತವಾಗಿದೆ. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡಾಗ ಅವು ಒಂದೇ ಮೂಲದಿಂದ ಬಂದುವೆಂದು ತರ್ಕಿಸುವರು. ಆ ತಪ್ಪು ಕಾವ್ಯದ ಗುಣದೋಷಗಳಿಗೆ ಸಂಬಂಧಪಟ್ಟದ್ದೆಂದು ಯಾರೂ ತರ್ಕಿಸುವುದಿಲ್ಲ. ಗೋಧಿಯ ವಿಷಯದಲ್ಲಿ ಈ ಎಚ್ಚರವು ತಪ್ಪಿದ ಒಂದು ಪ್ರಸಂಗವು ಬೋಧಪ್ರದವಾಗಿದೆ. 1978ರಲ್ಲಿ ಫ್ರಾನ್ಸಿನ ಸಂಶೋಧಕರು ಡ್ಯೂರಮ್ ಗೋಧಿಯಲ್ಲಿ ಗಾಮಾ-45 ಎಂಬ ಗೆರೆಯಿದ್ದರೆ ಹಿಟ್ಟಿನ ಅಂಟು ಗಟ್ಟಿಯಾಗಿಯೂ ಗಾಮಾ-42 ಇದ್ದರೆ ಸಡಿಲವಾಗಿಯೂ ಇರುವುದನ್ನು ಕಂಡರು. ಡ್ಯೂರಮ್ಮೆಂದರೆ ಧಾರವಾಡದ ಕಡೆಯ ಬಿಜಗದಂಥ ಗಟ್ಟಿ ಗೋಧಿ. ರವೆಗೂ ಶ್ಯಾವಿಗೆಗೂ ಬರುವಂಥದು. ಗೆರೆಯನ್ನು ನೋಡಿ ತಳಿಯನ್ನು ಆರಿಸುವುದು ಸುಲಭವಾದುದರಿಂದ ಆ ಗಾಮಾ-45ಕ್ಕೇ ಗುಣವನ್ನು ಆರೋಪಿಸುವವರು ಹೆಚ್ಚಿದರು. 1984ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಶಂಕೆ ಹುಟ್ಟಿತು. 1988ರಲ್ಲಿ ಇಟಲಿ ಫ್ರಾನ್ಸುಗಳ ವಿದ್ವಾಂಸರು, ಆ ಗೆರೆಯೂ ಅದರ ನೆರೆಯ ಪ್ರೋಟೀನುಗಳೂ ಅಗಲಿಹೋಗಿದ್ದ ಅಪೂರ್ವವಾದ ಗಿಡವನ್ನು ಪರೀಕ್ಷಿಸಿ, ಅಂಟಿನ ಬಲಕ್ಕೆ ಕಾರಣವಾದುದು ಗ್ಲಯಾಡಿನ್ನಲ್ಲ, ಅದರ ಮಗ್ಗುಲಲ್ಲೇ ಜೀನುಳ್ಳ ಕಡಮೆ ತೂಕದ ಗ್ಲುಟೆನಿನ್ ಎಂದು ತೋರಿಸಿದರು. ಗಾಮಾ-45 ಬರಿಯ ಗುರುತು. ಒಳ್ಳೆಯ ಪ್ರತಿಗಳಲ್ಲೆಲ್ಲ ಒಂದೇ ಲಿಪಿಕಾರನ ಅಂಕಿತವಿದ್ದ ಮಾತ್ರಕ್ಕೆ ಕಾವ್ಯದ ಒಳ್ಳೆಯತನವು ಅಂಕಿತದಿಂದ ಬಂತೆನ್ನುವುದು ಹೇಗೋ ಹಾಗೆ.

ಪ್ರಕ್ಷೇಪದ ವಿಷಯದಲ್ಲಿಯಾದರೋ ಈ ವಿಧಾನವು ಸಂಪಾದಕನಿಗಿಂತ ಚುರುಕು. ರೈ ಎಂಬ ಬೇರೊಂದು ಧಾನ್ಯದ ವರ್ಣತಂತುವಿನ ತುಂಡೊಂದು ಇಪ್ಪತ್ತನೆಯ ಶತಮಾನದಲ್ಲಿ ಹಲವು ಗೋಧಿತಳಿಗಳೊಳಗೆ ಸೇರಿಕೊಂಡಿತು. ತುಕ್ಕುರೋಗವನ್ನು ತಡೆಯುವ ಗುಣವು ಅದರಲ್ಲಿದ್ದಿತು. ಪಂಜಾಬದ ಪ್ರಸಿದ್ಧವಾದ ಪಿ.ಬಿ.ಡಬ್ಲ್ಯು. 343 ಅಂಥವುಗಳಲ್ಲಿ ಒಂದು. ಗಿಡವನ್ನು ನೋಡಿದರೆ ಗೋಧಿಯೇ. ಆದರೆ ಕಾಳಿನ ಪ್ರೋಟೀನನ್ನು ಹರಿಯಬಿಟ್ಟರೆ, ಗೋಧಿಯದಲ್ಲದ ಸೆಕಾಲಿನ್ ಎಂಬ ರೈಯ ಪ್ರೋಟೀನು ಒಮೇಗಾ ಗೆರೆಗಳ ನಡುವೆ ನಿಂತು ತನ್ನ ಕುಲವನ್ನು ತಾನೇ ಹೇಳಿಬಿಡುವುದು.

ಇನ್ನು ಪ್ರಕೃತಕ್ಕೆ ಬಂದರೆ, ಜವೆಗೋಧಿಯ ರವೆಯಲ್ಲಿ ಬೆರಕೆಯನ್ನು ಕಂಡುಹಿಡಿಯಲು ಗ್ಲಯಾಡಿನ್ನಿಗಿಂತ ಗ್ಲುಟೆನಿನ್ನಿನ ಪರೀಕ್ಷೆಯು ಸ್ಪಷ್ಟ. ಗ್ಲುಟೆನಿನ್ ಬಿಡಿಯಾಗಿ ಹರಿಯುವ ಪ್ರೋಟೀನಲ್ಲ. ಗಂಧಕದ ಸೇತುವೆಗಳಿಂದ ಒಂದಕ್ಕೊಂದು ಹೆಣೆದುಕೊಂಡ ಬೃಹದ್ರಾಶಿ. ಆ ಸೇತುವೆಗಳನ್ನು ಮುರಿದು, ಎಸ್.ಡಿ.ಎಸ್. ಎಂಬ ಸಾಬೂನಿನಂಥ ದ್ರವ್ಯದಲ್ಲಿ ಬಿಡಿಸಿ, ಗಾತ್ರವನ್ನು ಅನುಸರಿಸಿ ಓಡುವಂತೆ ಮಾಡುವ ಕ್ರಮವು 1970ರ ಲೆಮ್ಲಿಯ ವಿಧಾನದಿಂದ ಬಂದಿತು. ಕೇಂಬ್ರಿಜ್ಜಿನ ಪೇಯ್ನ್ ಮತ್ತು ಅವನ ಜೊತೆಗಾರ ಲಾರೆನ್ಸ್ 1983ರಲ್ಲಿ ಇದರ ದೊಡ್ಡ ಅಂಶಗಳಿಗೆ ಅಂಕಿಗಳನ್ನು ಕೊಟ್ಟು ಪಟ್ಟಿಯೊಂದನ್ನು ಪ್ರಕಟಿಸಿದರು. ರೊಟ್ಟಿಗೋಧಿಗೆ, ಎಂದರೆ ಸಾಮಾನ್ಯ ಗೋಧಿಗೆ, 42 ವರ್ಣತಂತುಗಳು; ಅವು ಎ, ಬಿ, ಡಿ ಎಂಬ ಮೂರು ಮನೆತನಗಳಿಂದ ಬಂದಂಥವು. ಜವೆಗೋಧಿಗೂ ಡ್ಯೂರಮ್ಮಿಗೂ 28 ಮಾತ್ರ. ಅವುಗಳಲ್ಲಿ ಡಿ ಮನೆತನವಿಲ್ಲ. ಆದುದರಿಂದ ಡಿ ಮನೆತನದ 2+12 ಅಥವಾ 5+10 ಎಂಬ ಜೋಡಿಗೆರೆಗಳು ಜವೆಗೋಧಿಯೆಂಬ ರವೆಯಲ್ಲಿ ಕಂಡರೆ, ಅದರಲ್ಲಿ ಸಾಮಾನ್ಯ ಗೋಧಿ ಸೇರಿದೆಯೆಂಬುದು ವಾದಕ್ಕೆ ಎಡೆಯಿಲ್ಲದ ಸಂಗತಿ. ಒಣಗಿಸಿದ ಶ್ಯಾವಿಗೆಯಂಥ ಪಾಸ್ತಾವನ್ನು ಡ್ಯೂರಮ್ಮಿನಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನು ಮಾಡಿದ ಇಟಲಿಯವರಿಗೂ ಡಿ ಮನೆತನದ ಈ ಇಲ್ಲದಿರುವಿಕೆಯೇ ಆಧಾರವಾಗಿ ಒದಗಿತು.

ಆದರೆ ಬೆರಸುವವನು ಸಾಮಾನ್ಯ ಗೋಧಿಗೆ ಬದಲಾಗಿ ಡ್ಯೂರಮ್ಮನ್ನು ಬೆರಸಿದರೆ? ಇಲ್ಲಿ ವಿಧಾನವು ತಡವರಿಸುವುದು. ಎರಡೂ ಎ ಬಿ ಮನೆತನದವು. ಎರಡರಲ್ಲೂ ಡಿ ಇಲ್ಲ. ಇಂಥ ಗೆರೆ ಇದ್ದರೆ ಜವೆ, ಇಂಥದಿದ್ದರೆ ಡ್ಯೂರಮ್ ಎಂದು ಇಡೀ ವರ್ಗಕ್ಕೆ ಅನ್ವಯಿಸುವ ಗುರುತು ಈ ಪ್ರೋಟೀನುಗಳಲ್ಲಿ ಇಲ್ಲ. ಏಕಿಲ್ಲವೆಂಬುದನ್ನು ವಿಚಾರಿಸಿದರೆ ಮತ್ತೆ ಆ ಹೆಸರಿಗೇ ಬರಬೇಕಾಗುವುದು. ಜನರು ಈ ಗೋಧಿಯನ್ನು ಪ್ರತ್ಯೇಕಿಸಿದುದು ಹೊಟ್ಟಿನಿಂದ. ಹೊಟ್ಟು ಬಿಡುವುದೋ ಬಿಡದೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವ, ಕ್ಯೂ ಎಂದು ಕರೆಯಲ್ಪಡುವ ಜೀನು ಐದನೆಯ ಎ ವರ್ಣತಂತುವಿನಲ್ಲಿದೆ. ಸಂಗ್ರಹಪ್ರೋಟೀನುಗಳ ಜೀನುಗಳಾದರೋ ಒಂದನೆಯ ಮತ್ತು ಆರನೆಯ ಗುಂಪುಗಳಲ್ಲಿವೆ. ಹೆಸರು ಮಾತನಾಡುವುದು ಒಂದು ವರ್ಣತಂತುವನ್ನು ಕುರಿತು. ಗೆರೆಗಳು ಮಾತನಾಡುವುದು ಬೇರೆ ವರ್ಣತಂತುಗಳನ್ನು ಕುರಿತು. ಈ ಎರಡು ಮಾತುಗಳಲ್ಲಿ ಒಂದನ್ನು ಇನ್ನೊಂದರ ಅನುವಾದವೆಂದು ತಿಳಿದುದರಿಂದಲೇ 'ಪ್ರೋಟೀನ್ ಪರೀಕ್ಷೆಯಿಂದ ಶುದ್ಧ ಜವೆಗೋಧಿಯೆಂದು ಸಿದ್ಧವಾಗಿದೆ' ಎಂಬಂಥ ವಾಕ್ಯಗಳು ಹುಟ್ಟುವುದು. ಡಿ ಗೆರೆಗಳು ಕಾಣದಿದ್ದರೆ ಅದರಲ್ಲಿ ಸಾಮಾನ್ಯ ಗೋಧಿ ಕಂಡುಬರಲಿಲ್ಲವೆಂದಷ್ಟೆ ಹೇಳಬಹುದು. ಡಿ.ಎನ್.ಎ. ಪರೀಕ್ಷೆಯು ಹೊಟ್ಟಿನ ಜೀನನ್ನೇ ನೇರವಾಗಿ ಓದಬಲ್ಲುದು; ಹಾಗೆ ನೋಡಿದರೆ ಅತ್ಯಂತ ನೂತನವಾದ ವಿಧಾನವು ಅತ್ಯಂತ ಹಳೆಯದಾದ ಗ್ರಾಮ್ಯ ಲಕ್ಷಣಕ್ಕೆ ಮರಳಿದಂತಾಯಿತು.

ಇನ್ನೊಂದು ಭೇದವನ್ನೂ ಕನ್ನಡದ ಬರಹಗಳು ಕಾಪಾಡಬೇಕು. ಧಾರವಾಡದ ಎತ್ತಿನಗುಡ್ಡದ ಆವರಣದಲ್ಲಿ 1986ರಲ್ಲಿ ಸ್ಥಾಪಿತವಾದ ಕೃಷಿವಿಶ್ವವಿದ್ಯಾಲಯವು ಜವೆಗೋಧಿಯಲ್ಲಿ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದ ಗಿಡ್ಡ ತಳಿಗಳನ್ನು ಬೆಳಕಿಗೆ ತಂದಿದೆ. ಎತ್ತರವಾಗಿ ಬೆಳೆದು ನೆಲಕ್ಕೆ ಒರಗುವ ಹಳೆಯ ಜವೆಗೆ ಇವು ಪರಿಹಾರ. ಇವೆಲ್ಲ ಜವೆಗೋಧಿಯೇ, ಆದರೆ ಜವೆಗೋಧಿಯೆಲ್ಲ ಇವಲ್ಲ. ಕನ್ನಡದಲ್ಲಿ 'ಜಾತಿ', 'ತಳಿ', 'ಪ್ರಭೇದ', 'ಬಗೆ'ಗಳನ್ನು ಒಂದರ ಬದಲು ಒಂದು ಬಳಸುವುದರಿಂದ, ಕಾಳು ಜವೆಯೇ ಎಂಬ ಪ್ರಶ್ನೆಯೂ ಅದು ಡಿ.ಡಿ.ಕೆ. 1029 ಎಂಬ ತಳಿಯೇ ಎಂಬ ಪ್ರಶ್ನೆಯೂ ಕಲಸಿಹೋಗುತ್ತವೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ತಳಿಯನ್ನು ಬೆಳಸಿದವರು ಕಾಪಾಡಿದ ಪ್ರಮಾಣಬೀಜವು ಮಗ್ಗುಲಿನ ಗುಳಿಯಲ್ಲಿಯೇ ಹರಿಯಬೇಕು. ಮೂಲಪ್ರತಿಯಿಲ್ಲದೆ ಪಾಠವನ್ನು ತಾಳೆನೋಡುವುದು ಸಾಧ್ಯವಿಲ್ಲ. ಪೇಟೆಯ ಹೆಸರುಗಳಂತೂ ನಂಬಲರ್ಹವಲ್ಲ. ಗುಜರಾತಿನ ಸಣೋಸರೆಯ ಲೋಕಭಾರತಿಯಲ್ಲಿ ಹುಟ್ಟಿದ 'ಲೋಕ್-1' ಎಂಬ ತಳಿಯು ಹುಬ್ಬಳ್ಳಿಯ ಅಂಗಡಿಗೆ ಬರುವಷ್ಟರಲ್ಲಿ 'ಲೋಕವಾನ'ವಾಗಿದೆ. ಅಂಕಿಯು ಅಕ್ಷರವಾಗಿ, ಅಕ್ಷರವು ಹೊಸ ಶಬ್ದವಾಗಿ ತಿರುಗಿದ ಈ ಪರಿಯು ಲಿಪಿಕಾರರ ಸ್ಖಾಲಿತ್ಯಗಳನ್ನು ಬಲ್ಲವರಿಗೆ ಹೊಸದೆನಿಸದು.

ಒಕ್ಕಲಿಗರು ತಲೆಮಾರುಗಳಿಂದ ಬಿತ್ತಿ ಉಳಿಸಿಕೊಂಡು ಬಂದ ಬೀಜದ ವಿಷಯದಲ್ಲಿ ಈ ವಿಧಾನವು ಅನ್ಯಾಯಕ್ಕೂ ಸಾಧನವಾಗಬಹುದು. ಅಂಥ ಬೀಜದಿಂದ ಹತ್ತು ಕಾಳುಗಳನ್ನು ಆಯ್ದು ಹರಿಸಿದರೆ ಹಲವು ವಿಧದ ಸಾಲುಗಳು ಬರುವುದು ಸಹಜ. ಪರೀಕ್ಷಕನು ಅದನ್ನು 'ಬೆರಕೆ' ಎಂದು ಬರೆದುಬಿಡುವನು. ಅಂಗಡಿಯಲ್ಲಿ ಬೆರಸಿದ ರವೆಯೂ ಬೆರಕೆ, ಹೊಲದಲ್ಲಿ ಒಟ್ಟಿಗೆ ಬೆಳೆದು ಬಂದ ಬೀಜವೂ ಬೆರಕೆ! ಮೊದಲನೆಯದು ಮೋಸ, ಎರಡನೆಯದು ಆ ಬೀಜದ ಸ್ವಭಾವ. ತಳಿಗಳ ರಕ್ಷಣೆಗಾಗಿ 2001ರಲ್ಲಿ ಭಾರತದಲ್ಲಿ ಆದ ಕಾನೂನು ರೈತರ ತಳಿಗಳಿಗೂ ನೋಂದಣಿಯ ಹಕ್ಕನ್ನು ಕೊಟ್ಟಿದೆ. ಆದರೆ ವಿಶಿಷ್ಟತೆಯ ಜೊತೆಗೆ ಏಕರೂಪತೆಯನ್ನೂ ಸ್ಥಿರತೆಯನ್ನೂ ಕೇಳುತ್ತದೆ. ಏಕರೂಪವಾಗಿರುವುದು ಬೆಳಸುಗಾರನ ತಳಿಯ ಗುಣ. ಜನಪದ ಕಾವ್ಯಕ್ಕೆ ಒಂದೇ ಶುದ್ಧಪಾಠವಿರಬೇಕೆಂದು ಹಟಹಿಡಿದ ಸಂಪಾದಕನು ಹಾಡುವವರ ಬಾಯಿಂದ ಹಾಡನ್ನು ಕಸಿದುಕೊಂಡು ತನ್ನದನ್ನು ಅಚ್ಚುಹಾಕಿಸಿದ ಉದಾಹರಣೆಗಳು ಸಾಹಿತ್ಯದಲ್ಲಿ ಕಡಮೆಯಿಲ್ಲ. ಈ ಎರಡು ಅರ್ಥಗಳಿಗೆ ಕನ್ನಡದಲ್ಲಿ ಎರಡು ಮಾತುಗಳು ಬೇಕು. ಮೋಸದ್ದಕ್ಕೆ 'ಬೆರಕೆ'ಯೇ ಇರಲಿ. ಹೊಲದ್ದಕ್ಕೆ 'ಅಕ್ಕಡಿ'ಯೆಂಬ ಸೊಗಸಾದ ಮಾತು ನೆನಪಿಗೆ ಬರುವುದಾದರೂ, ಅದು ಬೇರೆ ಬೇರೆ ಬೆಳೆಗಳನ್ನು ಸಾಲಿನಲ್ಲಿ ಹಾಕುವುದಕ್ಕೆ ಸಂದುಹೋಗಿದೆ. 'ಕೂಡುಬೀಜ' ಎನ್ನಬಹುದೇನೋ.

ಪ್ರೋಟೀನಿನ ಗೆರೆಗಳಿಂದ ಗುಣವನ್ನು ಅಳೆಯುವ ಪದ್ಧತಿಗೆ ಒಂದು ಮಾತು ಸಾಕು. ಪೇಯ್ನನು 1987ರಲ್ಲಿ ಹತ್ತರ ಮೇಲೆ ಅಂಕಗಳನ್ನು ಕೊಡುವ ಕ್ರಮವನ್ನು ಕಟ್ಟಿದುದು ಬ್ರಿಟನ್ನಿನಲ್ಲಿ ಬೆಳೆದ ಗೋಧಿಯಿಂದ ಮಾಡುವ ಉಬ್ಬಿದ ಬ್ರೆಡ್ಡಿಗಾಗಿ. ಡಿ ಮನೆತನವೇ ಇಲ್ಲದ ಜವೆಗೋಧಿಗೆ ಆ ಕಾಲಮಿನಲ್ಲಿ ಅಂಕವೇ ಬೀಳದು. ಅದರಿಂದ ಹುಗ್ಗಿಯ ರುಚಿಯಾಗಲಿ ಹೋಳಿಗೆಯ ಕಣಕದ ಎಳೆತವಾಗಲಿ ಕುಗ್ಗುವುದಿಲ್ಲ.

ಉಳಿದಿರುವುದು ನಿಘಂಟಿನ ಮಾತು. ಅದು ಬರಿಯ ಶಬ್ದಕುತೂಹಲದ ವಿಷಯವಲ್ಲ. ಸೀಲಿಯಾಕ್ ಎಂಬ ಕರುಳಿನ ಬೇನೆಯುಳ್ಳವರಿಗೆ ಗೋಧಿಯ ಗ್ಲಯಾಡಿನ್ನೂ ಬಾರ್ಲಿಯ ಹೋರ್ಡೀನೂ ವಿಷಪ್ರಾಯ. ಜವೆಗೋಧಿಯು ಪುರಾತನವಾದುದು, ಸಾದಾ ಗೋಧಿಯಲ್ಲ ಎಂಬ ಮಾತು ಹಬ್ಬಿ, ಅದರಲ್ಲಿ ಗ್ಲುಟೆನ್ನೇ ಇಲ್ಲವೆಂದು ತಿಳಿದು ತಿನ್ನುವವರಿದ್ದಾರೆ. ಅದರಲ್ಲಿ ಗ್ಲಯಾಡಿನ್ ಯಥೇಚ್ಛವಾಗಿದೆಯೆಂಬುದಕ್ಕೆ ಮೇಲೆ ವರ್ಣಿಸಿದ ಲೋಳೆಪದರವೇ ಸಾಕ್ಷಿ; ಗೆರೆಗಳಿಲ್ಲದ ಜವೆಗೋಧಿಯಿಲ್ಲ. ಇಂಥ ರೋಗಿಯೊಬ್ಬನು 'ಜವೆಗೋಧಿ' ಎಂದರೇನೆಂದು ಪುಸ್ತಕದಲ್ಲಿ ನೋಡಿ ಬಾರ್ಲಿಯೆಂದು ತಿಳಿದರೆ ಅದನ್ನು ಬಿಡುವನು, ಸರಿ. ಪೇಟೆಯಲ್ಲಿ ಕೇಳಿ 'ಇದು ಗೋಧಿಯಲ್ಲ, ಜವೆ' ಎಂದು ಹೇಳಿಸಿಕೊಂಡರೆ ಕೊಳ್ಳುವನು. ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ಅವನು ಬೀಳುವನು. ಆದುದರಿಂದ ಮುಂದಿನ ನಿಘಂಟುಗಳು ಈ ಶಬ್ದಕ್ಕೆ ಎರಡು ಅರ್ಥಗಳನ್ನೂ ಕೊಟ್ಟು, ಎರಡನೆಯದರ ಮುಂದೆ 'ಉತ್ತರ ಕರ್ನಾಟಕದಲ್ಲಿ, ಹೊಟ್ಟು ಬಿಡದ ಗೋಧಿ, ಸದಕ, ಖಪಲಿ' ಎಂದು ನಮೂದಿಸುವುದು ಅವಶ್ಯ. ರವೆಯ ಚೀಲದ ಮೇಲೆ 'ಸದಕ ಗೋಧಿ' ಎಂದು ಅಚ್ಚುಹಾಕುವುದು ಇನ್ನೂ ಮೇಲು. ಆ ಶಬ್ದಕ್ಕೆ ಬಾರ್ಲಿಯೆಂಬ ಅರ್ಥವು ಅಂಟಿಕೊಂಡಿಲ್ಲ. ಗೋಧಿಯೆಂಬುದು ಅದರ ಮಗ್ಗುಲಲ್ಲೇ ಬರೆದಿರುತ್ತದೆ.